ಗುರ್ರ್ ಅನ್ನೋ ನಾಯಿಗೆ ಹೊಡೀಬೇಡಿ ಸ್ವಾಮಿ

ನಾಯಿ ಸಾಕಿದವರಿಗೆ ಸಿಗೋ ಬಿಟ್ಟಿ ಸಲಹೆಗಳನ್ನೆಲ್ಲ ಬರೆದಿಟ್ಟುಕೊಂಡಿದ್ರೆ ನನ್ನ ಹತ್ರ ಈಗ ಒಂದು ಪುಸ್ತಕಕ್ಕಾಗೋಷ್ಟು ಸರಕು ಇರ್ತಿತ್ತು. ಅದರಲ್ಲೂ "ಬಾಚೋಕೆ ಹೋದ್ರೆ ಕಚ್ಚುತ್ತೆ" ಅಂತ ಒಂದು ಮಾತು ಅಂದ್ಬಿಟ್ರೆ ಮುಗೀತು. "ಮೂತಿ ಮೇಲೆ ಒಂದು ಬಿಡಿ, ಸರಿಹೋಗುತ್ತೆ." "ಪೇಪರ್ ಸುರುಳಿ ಸುತ್ತಿ ಹೊಡೀರಿ, ನೋವಾಗಲ್ಲ, ಸದ್ದಿಗೇ ಹೆದರುತ್ತೆ." "ನೆಲಕ್ಕೆ ಒತ್ತಿ ಹಿಡ್ಕೊಳ್ಳಿ, ಮನೇಲಿ ಯಾರು ಯಜಮಾನ ಅಂತ ಅದಕ್ಕೆ ಗೊತ್ತಾಗ್ಬೇಕು." "ಬಾಯಿ ಕಟ್ಬಿಡಿ." ಇದ್ಯಾವುದೂ ನಡೀಲಿಲ್ಲ ಅಂದ್ರೆ ಕೊನೇದು ಇದ್ದೇ ಇದೆ: "ಕಚ್ಚೋ ನಾಯಿ ಯಾಕ್ರೀ ಮನೇಲಿ, ಎಲ್ಲಾದ್ರೂ ದೂರ ಬಿಟ್ಬನ್ನಿ." ಇಷ್ಟು ಜನರಲ್ಲಿ ನಾಯಿ ಯಾಕೆ ಕಚ್ಚುತ್ತೆ ಅಂತ ಕೇಳಿದವರು ಇಬ್ಬರೇ. ಒಬ್ಬರು ಪಶುವೈದ್ಯರು. ಇನ್ನೊಬ್ಬಳು ನಮ್ಮ ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗಿ.

ನನ್ನ ವಾದ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋರು ಆರಾಮಾಗಿ ಆಡಬಹುದು. ಬಾಚುವಾಗ, ಸ್ನಾನ ಮಾಡಿಸುವಾಗ, ಉಗುರು ಕತ್ತರಿಸುವಾಗ ಕಚ್ಚೋ ನಾಯಿಗಳಲ್ಲಿ ಬಹುಪಾಲು ಪೊಗರಿನಿಂದ ಕಚ್ಚಲ್ಲ. ನೋವಿಗೆ ಅಥವಾ ನೋವಾಗುತ್ತೆ ಅನ್ನೋ ಹೆದರಿಕೆಗೆ ಕಚ್ಚುತ್ತವೆ. ಅದನ್ನ ಹೊಡೆದು ಬಿಡಿಸೋಕೆ ಹೋದ್ರೆ ಹೋಗೋದು ಹೆದರಿಕೆಯಲ್ಲ, ಕಚ್ಚೋಕೆ ಮುಂಚೆ ಕೊಡ್ತಿದ್ದ ಸೂಚನೆ. ಆಮೇಲೆ ಆ ನಾಯಿ ನಿಜವಾಗ್ಲೂ ಅಪಾಯ.

ಇದೆಲ್ಲ ಕಲಿಯೋಕೆ ಕಾರಣ ಪಾಂಡು. ನನ್ನ ಸೋದರತ್ತೆಯ ನಾಯಿ, ಹಾಸನದ್ದು. ಬೆಳ್ಳಗೆ ಹತ್ತಿ ಉಂಡೆ ಹಾಗಿದ್ದ ಮರಿಗೆ ಮಾವ ಇಟ್ಟ ಹೆಸರು (ಪಾಂಡು ಅಂದ್ರೆ ಬಿಳಿ ಅಂತಾನೇ ಅರ್ಥ, ಅವರು ಸಂಸ್ಕೃತ ಮೇಷ್ಟ್ರಾಗಿದ್ದವರು). ಮಾವ ಹೋದ ಮೇಲೆ ಆ ಮನೇಲಿ ಅತ್ತೆ ಮತ್ತೆ ಪಾಂಡು, ಇಬ್ಬರೇ. ಮಾವನ ಕೈಲಿ ಮಾತ್ರ ಸುಮ್ಮನೆ ಬಾಚಿಸಿಕೊಳ್ತಿದ್ದ ನಾಯಿ ಅದು. ಅವರು ಹೋದ ಮೇಲೆ ಒಂದಾರು ತಿಂಗಳು ಯಾರೂ ಸರಿಯಾಗಿ ಬಾಚಲಿಲ್ಲ. ಆಮೇಲೆ ಯಾರೋ ಹೇಳಿದ್ರು ಅಂತ ಒಂದು ಗ್ರೂಮಿಂಗ್ ಅಂಗಡಿಗೆ ಕಳಿಸಿದ್ರು. ಅಲ್ಲಿ ಮೇಜಿನ ಮೇಲೆ ಕತ್ತಿಗೆ ಬಳ್ಳಿ ಹಾಕಿ, ಇಬ್ಬರು ಹಿಡ್ಕೊಂಡು, ಸಿಕ್ಕು ಎಳೆದೂ ಎಳೆದೂ ಬಿಡಿಸಿ ಕಳಿಸಿದ್ರಂತೆ. ಅವತ್ತಿಂದ ಬಾಚಣಿಗೆ ಕಂಡ್ರೆ ಪಾಂಡು ಮಂಚದ ಕೆಳಗೆ. 2024ರ ಆಗಸ್ಟ್‌ನಲ್ಲಿ ಅತ್ತೆ ಮಂಚದ ಕೆಳಗಿಂದ ಎಳೆದು ಬಾಚೋಕೆ ಹೋದಾಗ ಅಂಗೈ ಬುಡಕ್ಕೇ ಹಲ್ಲು ಇಳಿಸ್ತು.

ಅತ್ತೆಗೆ ಸಕ್ಕರೆ ಕಾಯಿಲೆ. ಗಾಯ ವಾಸಿಯಾಗೋಕೆ ತಿಂಗಳ ಮೇಲೆ ಹಿಡೀತು. ಇಲ್ಲಿ ಒಂದು ಮಾತು, ನಾಯಿ ಪ್ರೀತಿ ಜಾಸ್ತಿ ಇರೋರು ಕೇಳಿಸ್ಕೊಳ್ಳಲೇಬೇಕಾದ್ದು: "ನಮ್ಮನೆ ನಾಯೀನೇ ಅಲ್ವಾ, ಇಂಜೆಕ್ಷನ್ ಆಗಿದೆಯಲ್ಲ" ಅಂತ ಅರಿಶಿನ ಮೆತ್ತಿಕೊಂಡು ಕೂರಬೇಡಿ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀಬೇಕು, ಅವತ್ತೇ ಡಾಕ್ಟರ ಹತ್ರ ಹೋಗಬೇಕು. ಚರ್ಮಕ್ಕೆ ಕೊಡೋ ರೇಬೀಸ್ ಲಸಿಕೆ ಆದ್ರೆ 0, 3, 7, 28ನೇ ದಿನ, ಒಟ್ಟು ನಾಲ್ಕು ಸಲ. ರಕ್ತ ಬಂದಿದ್ರೆ ಗಾಯದ ಸುತ್ತ ಕೊಡೋ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕಾಗಬಹುದು. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸೋ ಔಷಧಿ ಇಲ್ಲ. ಅತ್ತೆ ಅಷ್ಟೂ ಸರಿಯಾಗಿ ಮಾಡಿಸ್ಕೊಂಡ್ರು.

ಅತ್ತೆ ಮಗ, ಅಂದ್ರೆ ನನ್ನ ಭಾವ, ಪುಣೆಯಲ್ಲಿರೋದು. ಅವನು ಫೋನಲ್ಲೇ ತೀರ್ಮಾನ ಕೊಟ್ಟ. "ಯಾವುದಾದ್ರೂ ತೋಟದ ಮನೆಗೆ ಬಿಟ್ಬಿಡೋಣ. ಅಮ್ಮ ಒಬ್ಬಳೇ ಇರ್ತಾಳೆ, ನಾಳೆ ಮುಖಕ್ಕೆ ಕಚ್ಚಿದ್ರೆ?" ಅವನನ್ನ ಕಟುಕ ಅಂತ ನಾನು ಹೇಳಲ್ಲ. ತಾಯಿ ಬಗ್ಗೆ ಹೆದರಿ ಆಡಿದ ಮಾತು ಅದು. ಆದ್ರೆ ತೋಟದ ಮನೆ ಅಂದ್ರೆ ಏನು ಅಂತ ನಮಗೆಲ್ಲ ಗೊತ್ತಲ್ವಾ? ಸೋಫಾ ಮೇಲೆ ಮಲಗಿ ಮೊಸರನ್ನ ತಿನ್ನೋ ಸ್ಪಿಟ್ಜ್ ನಾಯಿ ತೋಟದಲ್ಲಿ ಎಷ್ಟು ದಿನ ಇರುತ್ತೆ? ಅತ್ತೆ ಮಾತ್ರ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ನನಗೆ ಫೋನ್ ಮಾಡಿ, "ನೀನು ಸ್ವಲ್ಪ ದಿನ ಇಟ್ಕೋತೀಯೇನೋ ಪುಟ್ಟಾ" ಅಂದ್ರು. ಹಾಗೆ ಪಾಂಡು ವಿಜಯನಗರದ ನನ್ನ ಬಾಡಿಗೆ ಮನೆಗೆ ಬಂದದ್ದು. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡೋ ಪುಣ್ಯ ನನ್ನದಾಗಿತ್ತು, ಅದರಿಂದ ಸಾಧ್ಯವಾಯ್ತು.

ಭಾವ ಅವತ್ತು ಅಂದಿದ್ದು: "ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ರೆ ನೆಟ್ಟಗಾಗುತ್ತೇನೋ?" ಸ್ಪಿಟ್ಜ್ ಬಾಲ ಹುಟ್ಟಾ ಬೆನ್ನ ಮೇಲೆ ಸುರುಳಿ ಸುತ್ತಿಕೊಂಡಿರೋದು ಮಾರಾಯ, ಅದನ್ನ ನೆಟ್ಟಗೆ ಮಾಡೋಕೆ ನನಗೂ ಆಸೆಯಿಲ್ಲ :)

"ಹಾಗಾದ್ರೆ ಬಾಚೋದೇ ಬಿಟ್ಬಿಡಿ" ಅಂದವರೂ ಇದ್ದಾರೆ. ಬಿಡೋಕಾಗಲ್ಲ. ನಮ್ಮ ಕಡೆ ಎಲ್ಲರೂ ಪಾಮೇರಿಯನ್ ಅಂತ ಕರೆಯೋದು ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್. 1994ರ 'ಹಮ್ ಆಪ್ಕೆ ಹೈ ಕೌನ್' ಸಿನಿಮಾದ ಟಫಿ ಇತ್ತಲ್ಲ, ಅದೇ ಜಾತಿ. ಇದರ ಮೈಮೇಲೆ ಎರಡು ಪದರ ಕೂದಲು, ಒಳಗೆ ಹತ್ತಿಯಂಥದ್ದು, ಹೊರಗೆ ಉದ್ದನೇದು. ಒಳಗಿನದು ಉದುರಿದಾಗ ಹೊರಗಿನದರಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಬಾಚದೇ ಬಿಟ್ರೆ ಕಿವಿ ಹಿಂದೆ, ಕಂಕುಳಲ್ಲಿ, ತೊಡೆ ಹಿಂದೆ ಜಡೆಗಟ್ಟುತ್ತೆ. ಆ ಜಡೆ ಪ್ರತಿ ಹೆಜ್ಜೆಗೂ ಚರ್ಮ ಎಳೀತಿರುತ್ತೆ, ಕೆಳಗೆ ತೇವ ನಿಂತು ಹುಣ್ಣಾಗುತ್ತೆ, ಉಣ್ಣಿ ಸೇರಿದ್ರೆ ಕಾಣೋದೇ ಇಲ್ಲ. ಬೇಸಿಗೆಗೆ ತಂಪಾಗಲಿ ಅಂತ ಪೂರ್ತಿ ಬೋಳಿಸೋದೂ ಪರಿಹಾರ ಅಲ್ಲ. ಬಿಸಿಲಿನಿಂದ ಕಾಪಾಡೋದೂ ಅದೇ ಕೂದಲು, ಎಷ್ಟೋ ಸಲ ಮತ್ತೆ ಸರಿಯಾಗಿ ಬೆಳೆಯೋದೂ ಇಲ್ಲ. (ನಮ್ಮ ಮುಧೋಳ ನಾಯಿಗೆ, ಬೀದಿಯ ನಾಟಿ ನಾಯಿಗೆ ಈ ಯಾವ ತಾಪತ್ರಯವೂ ಇಲ್ಲ. ಮುಂದೆ ನಾಯಿ ತರೋರು ಅದನ್ನೂ ಸ್ವಲ್ಪ ಯೋಚನೆ ಮಾಡಿ.)

ತರಬೇತಿಗೆ ಮುಂಚೆ ಮಾಡಬೇಕಾದ್ದು ಒಂದಿದೆ: ಡಾಕ್ಟರಿಗೆ ತೋರಿಸೋದು. ಪಾಂಡುವಿನ ಎರಡೂ ಕಿವಿ ಒಳಗೆ ಕೆಂಪಾಗಿ ಬಾತುಕೊಂಡಿತ್ತು, ಬಲ ಕಿವಿಯ ಹಿಂದೆ ನಿಂಬೆಹಣ್ಣಿನ ಗಾತ್ರದ ಜಡೆ. ಕಿವಿ ಹತ್ತಿರ ಬಾಚಣಿಗೆ ತಂದ್ರೆ ಕಚ್ಚದೇ ಇನ್ನೇನು ಮಾಡ್ಬೇಕಿತ್ತು? ನಮಗೆ ಹಲ್ಲುನೋವು ಬಂದಾಗ ಯಾರಾದ್ರೂ ಕೆನ್ನೆ ತಟ್ಟಿದ್ರೆ ನಾವೇನು ಮಾಡ್ತೀವೋ ಅದನ್ನೇ ಅದೂ ಮಾಡಿತ್ತು. ಡಾಕ್ಟರು ಮಂಪರು ಔಷಧಿ ಕೊಟ್ಟು ಜಡೆಗಳನ್ನೆಲ್ಲ ಮಷೀನಲ್ಲಿ ತೆಗೆದು, ಕಿವಿಗೆ ಔಷಧಿ ಬರೆದುಕೊಟ್ರು. ಕಿವಿ ವಾಸಿಯಾಗೋ ತನಕ ಬಾಚಣಿಗೆ ಹೊರಗೇ ತೆಗೀಬೇಡಿ ಅಂದ್ರು. ಕಿವಿ, ಹಲ್ಲು, ಸೊಂಟ, ಚರ್ಮ ಇವುಗಳಲ್ಲಿ ನೋವಿರೋ ನಾಯಿಗೆ ಎಂಥ ತರಬೇತಿ ಕೊಟ್ರೂ ನೀರಲ್ಲಿ ಹೋಮ ಮಾಡಿದ ಹಾಗೆ.

ಈಗ ಗುರ್ರ್ ವಿಷಯಕ್ಕೆ ಬರ್ತೀನಿ, ನನಗೆ ನಿಜವಾಗ್ಲೂ ಸಿಟ್ಟು ಬರೋದು ಇಲ್ಲೇ.

ಕೆಂಡಲ್ ಶೆಪರ್ಡ್ ಅಂತ ಬ್ರಿಟನ್ನಿನ ಪಶುವೈದ್ಯೆಯೊಬ್ಬರು ನಾಯಿಯ ಈ ಸೂಚನೆಗಳನ್ನೆಲ್ಲ ಒಂದು ಏಣಿಯ ಹಾಗೆ ಜೋಡಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಆಕಳಿಕೆ, ಕಣ್ಣು ಮಿಟುಕಿಸೋದು, ಮೂಗು ನೆಕ್ಕೋದು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸೋದು, ಮೈಯೇ ತಿರುಗಿಸೋದು, ಎದ್ದು ಹೋಗೋದು, ಕಿವಿ ಹಿಂದಕ್ಕೆ ಮಾಡಿ ಮುದುರಿಕೊಳ್ಳೋದು, ಬಾಲ ಕಾಲ ಸಂದಿಗೆ ಸೇರಿಸೋದು. ಇನ್ನೂ ಮೇಲೆ ಹೋದ್ರೆ ಮೈ ಸೆಟೆದು ದಿಟ್ಟಿಸೋದು, ಗುರ್ರ್ ಅನ್ನೋದು, ಗಾಳಿಗೆ ಬಾಯಿ ಹಾಕೋದು. ತುತ್ತತುದಿಯಲ್ಲಿ ಕಚ್ಚೋದು. ಅಂದ್ರೆ ನಾಯಿ ಕಚ್ಚೋಕೆ ಮುಂಚೆ ಹತ್ತು ಸಲ "ಬೇಡ" ಅಂದಿರುತ್ತೆ. "ಸುಮ್ನೆ ಇದ್ದದ್ದು ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು" ಅಂತೀವಲ್ಲ, ಆ ಸುಮ್ನೆ ಅನ್ನೋದು ನಾವು ನೋಡದೇ ಇದ್ದದ್ದು. ಬಾಚಣಿಗೆ ಕಂಡು ಆಕಳಿಸಿದ ನಾಯಿಗೆ ನಿದ್ದೆ ಬಂದಿದೆ ಪಾಪ ಅಂದ್ಕೊಳ್ತೀವಿ!

ನಮ್ಮ ಕೆಲಸದ ಭಾಷೆಯಲ್ಲಿ ಹೇಳ್ತೀನಿ, ಇಲ್ಲಿ ಬಹಳ ಜನ ಅದೇ ಗಾಣದ ಎತ್ತುಗಳು. ಕಂಪೈಲರ್ ವಾರ್ನಿಂಗ್ ಕೊಡುತ್ತೆ. ವಾರ್ನಿಂಗ್ ನೋಡಿ ಕಿರಿಕಿರಿ ಆಗುತ್ತೆ. ಕೋಡ್ ಸರಿ ಮಾಡೋ ಬದಲು ವಾರ್ನಿಂಗ್ ಬರದ ಹಾಗೆ ಮಾಡಿಬಿಡ್ತೀವಿ. ಸ್ಕ್ರೀನ್ ಶುಭ್ರ, ಮ್ಯಾನೇಜರ್ ಖುಷಿ. ಆಮೇಲೆ ಒಂದು ಶುಕ್ರವಾರ ಸಂಜೆ ಪ್ರೊಡಕ್ಷನ್ ಮಗುಚಿ ಬೀಳುತ್ತೆ. ಗುರ್ರ್ ಅಂದಿದ್ದಕ್ಕೆ ಹೊಡೆದು ಬಾಯಿ ಮುಚ್ಚಿಸೋದು ಥೇಟ್ ಇದೇ. ಹೆದರಿಕೆ ಹಾಗೇ ಇದೆ, ಸದ್ದು ಮಾತ್ರ ಇಲ್ಲ. ಮುಂದಿನ ಸಲ ಆ ನಾಯಿ ಗುರ್ರ್ ಅನ್ನೋ ಮೆಟ್ಟಿಲು ಹಾರಿ ನೇರವಾಗಿ ಹಲ್ಲಿಗೇ ಬರುತ್ತೆ. ಮನೇಲಿ ಚಿಕ್ಕ ಮಗು ಇದ್ರೆ ನಾನಂತೂ ಗುರ್ರ್ ಅನ್ನೋ ನಾಯೀನೇ ಆರಿಸ್ಕೊಳ್ತೀನಿ. ಅದು ಹೇಳಿ ಆಮೇಲೆ ಮಾಡುತ್ತೆ.

"ನೀನೇ ಬಾಸ್ ಅಂತ ತೋರಿಸು" ಅನ್ನೋ ವಾದಕ್ಕೂ ಒಂದು ಇತಿಹಾಸ ಇದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನ ನೋಡಿ, ಅವು ಮೇಲುಗೈಗೆ ಹೇಗೆ ಕಿತ್ತಾಡುತ್ತವೆ ಅಂತ ಬರೆದ್ರು. 1970ರಲ್ಲಿ ಅಮೆರಿಕದ ಡೇವಿಡ್ ಮೆಕ್ ತಮ್ಮ ತೋಳದ ಪುಸ್ತಕದಲ್ಲಿ ಆ 'ಆಲ್ಫಾ' ಮಾತನ್ನ ಬಳಸಿದ್ರು, ಅದು ಲೋಕವೆಲ್ಲ ಹಬ್ಬಿತು. ಆಮೇಲೆ ಮೆಕ್ ಅವರೇ ಕಾಡಿನ ತೋಳಗಳ ಜೊತೆ ವರ್ಷಗಟ್ಟಲೆ ಇದ್ದು, 1999ರಲ್ಲಿ, ಕಾಡಲ್ಲಿ ತೋಳದ ಗುಂಪು ಅಂದ್ರೆ ಅಪ್ಪ, ಅಮ್ಮ, ಮಕ್ಕಳಿರೋ ಒಂದು ಸಂಸಾರ, ಅಲ್ಲಿ ಪಟ್ಟಕ್ಕೆ ಕುಸ್ತಿ ನಡೆಯಲ್ಲ ಅಂತ ಬರೆದ್ರು. ತಮ್ಮ ಹಳೇ ಪುಸ್ತಕ ಅಚ್ಚು ಹಾಕೋದು ನಿಲ್ಲಿಸಿ ಅಂತ ಪ್ರಕಾಶಕರ ಹಿಂದೆ ಬಿದ್ದು, 2022ರಲ್ಲಿ ನಿಲ್ಲಿಸಿಯೂ ಬಿಟ್ರು. ಬರೆದ ಮನುಷ್ಯನೇ ವಾಪಸ್ ತಗೊಂಡ ಮಾತನ್ನ ನಮ್ಮ ವಾಟ್ಸಾಪ್ ಗುಂಪುಗಳು ಮಾತ್ರ ಬಿಡ್ತಾ ಇಲ್ಲ. ಅದೂ ತೋಳದ ಮಾತು, ನಾಯೀದಲ್ಲ. ಅದೂ ಪಂಜರದ ತೋಳದ್ದು!

ಹಾಗಾದ್ರೆ ಮಾಡಬೇಕಾದ್ದೇನು? ಹೊಸದೇನಿಲ್ಲ, ನೂರು ವರ್ಷ ಹಳೇದು. ಗಂಟೆ ಸದ್ದಿಗೆ ಜೊಲ್ಲು ಸುರಿಸಿದ ಪಾವ್ಲೋವ್ ನಾಯಿಗಳ ಕತೆ ಎಲ್ಲರಿಗೂ ಗೊತ್ತು. 1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನೋ ಮನಶ್ಶಾಸ್ತ್ರಜ್ಞೆ, ಮೊಲ ಕಂಡ್ರೆ ಕಿರುಚ್ತಿದ್ದ ಪೀಟರ್ ಅನ್ನೋ ಮೂರು ವರ್ಷವೂ ತುಂಬದ ಹುಡುಗನ ಹೆದರಿಕೆ ಬಿಡಿಸಿದ ಪ್ರಯೋಗ ಬರೆದಿದ್ದಾರೆ. ಹುಡುಗನಿಗೆ ಇಷ್ಟವಾದ ತಿಂಡಿ ಕೊಡ್ತಾ ಮೊಲವನ್ನ ದೂರದಿಂದ ಸ್ವಲ್ಪ ಸ್ವಲ್ಪವೇ ಹತ್ತಿರ ತಂದ್ರು. ಕೊನೆಗೆ ಹುಡುಗ ಮೊಲದ ಮೈ ಸವರಿದ. ಇಲ್ಲಿ ಮೊಲದ ಜಾಗದಲ್ಲಿ ಬಾಚಣಿಗೆ, ಪೀಟರ್ ಜಾಗದಲ್ಲಿ ಪಾಂಡು, ಅಷ್ಟೇ.

ಮೊದಲು ಹಳೇ ಬಾಚಣಿಗೆ ಎಸೆದೆ. ಅದರ ಆಕಾರ ಕಂಡ್ರೇ ಓಡ್ತಿದ್ದ, ಅದಕ್ಕೇ ಬೇರೆ ಬಣ್ಣದ, ಬೇರೆ ಆಕಾರದ ಬ್ರಷ್ ತಂದೆ. ಮೊದಲ ವಾರ ಅದು ಬರೀ ಹಾಲಿನ ನೆಲದ ಮೇಲೆ ಎರಡು ಮೀಟರ್ ದೂರದಲ್ಲಿ ಬಿದ್ದಿತ್ತು. ಪಾಂಡು ಅದರ ಕಡೆ ನೋಡಿದ್ರೆ ಒಂದು ಚೂರು ಬೇಯಿಸಿದ ಚಿಕನ್. ಮೂಸಿದ್ರೆ ಇನ್ನೊಂದು ಚೂರು. ಬ್ರಷ್ ಕಪಾಟಿಗೆ ಹೋಯ್ತು ಅಂದ್ರೆ ಚಿಕನ್ನೂ ಬಂದ್. ನಾಲ್ಕನೇ ದಿನಕ್ಕೆ ಬ್ರಷ್ ತೆಗೆದ್ರೆ ಸಾಕು, ಬಾಲ ಅಲ್ಲಾಡಿಸಿಕೊಂಡು ಬರೋಕೆ ಶುರು. ಆಮೇಲೆ ಬರೀ ಕೈ. ಭುಜ ಮುಟ್ಟು, ತಿಂಡಿ. ಬೆನ್ನು ಮುಟ್ಟು, ತಿಂಡಿ. ಆಮೇಲೆ ಬ್ರಷ್ಷಿನ ಹಿಂಬದಿಯಿಂದ ಭುಜಕ್ಕೆ ಒಂದೇ ಒಂದು ಸ್ಪರ್ಶ. ಹಲ್ಲಿನ ಕಡೆಯಿಂದ ಒಂದು ಸವರು ಸವರೋಕೆ ನನಗೆ 19 ದಿನ ಬೇಕಾಯ್ತು. ನಗಬೇಡಿ.

ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. ಮುಟ್ಟೋದು ಮೊದಲು, ತಿಂಡಿ ಆಮೇಲೆ. ಯಾವತ್ತೂ ಇದೇ ಕ್ರಮ. ಹೆಚ್ಚಿನವರು ಏನು ಮಾಡ್ತಾರೆ ಅಂದ್ರೆ, ತಿಂಡಿ ತೋರಿಸಿ ಕರೆದು, ಅದು ತಿನ್ನೋವಾಗ ಗಬಕ್ಕನೆ ಹಿಡಿದು ಬಾಚ್ತಾರೆ. ಆಗ ಉಲ್ಟಾ ಹೊಡೆಯುತ್ತೆ. ತಿಂಡಿ ಕಂಡ್ರೇ ನಾಯಿಗೆ ಗುಮಾನಿ, "ಏನೋ ಬರ್ತಿದೆ" ಅಂತ. ಚಿಕ್ಕವರಿದ್ದಾಗ ಅಜ್ಜಿ ಬೆಲ್ಲದ ಚೂರು ಕೈಲಿ ಹಿಡ್ಕೊಂಡು ಕರೆದ್ರೆ ಹಿಂದೆ ಹರಳೆಣ್ಣೆ ಲೋಟ ಇದೆ ಅಂತ ನಮಗೆ ಗೊತ್ತಾಗ್ತಿರಲಿಲ್ವಾ? ಹಾಗೆ.

ಇನ್ನೊಂದು, ನಾಯಿ "ಸಾಕು" ಅಂದ್ರೆ ಸಾಕು. ಚಿರಾಗ್ ಪಟೇಲ್ ಅಂತ ಬ್ರಿಟನ್ನಿನ ಒಬ್ಬ ತರಬೇತುದಾರ 'ಬಕೆಟ್ ಗೇಮ್' ಅನ್ನೋದನ್ನ ಹೇಳಿಕೊಡ್ತಾರೆ. ಒಂದು ಡಬ್ಬಿಯಲ್ಲಿ ತಿಂಡಿ ಇಟ್ಟಿರ್ತೀರಿ, ನಾಯಿ ಡಬ್ಬಿ ಕಡೆ ನೋಡ್ತಿರೋ ತನಕ ಕೆಲಸ ಮಾಡಬಹುದು. ಕಣ್ಣು ಬೇರೆ ಕಡೆ ತಿರುಗಿಸ್ತು ಅಂದ್ರೆ ತಕ್ಷಣ ಕೈ ತೆಗೀಬೇಕು. ನಾನು ಡಬ್ಬಿ ಬದಲು ಒಂದು ಮಣೆ ಮೇಲೆ ಟವೆಲ್ ಮಡಿಸಿಟ್ಟೆ, ಅದರ ಮೇಲೆ ಗದ್ದ ಇಡೋದು ಕಲಿಸಿದೆ. ಗದ್ದ ಇಟ್ಟಿದ್ರೆ ಬಾಚು, ಎತ್ತಿದ್ರೆ ನಿಲ್ಲಿಸು. ಮೊದಮೊದಲು ಎರಡು ಸೆಕೆಂಡಿಗೆ ಎತ್ತುತ್ತಿದ್ದ. ಎತ್ತಿದ ಕೂಡಲೇ ನಾನು ನಿಜವಾಗ್ಲೂ ನಿಲ್ಲಿಸ್ತೀನಿ ಅಂತ ಖಾತ್ರಿಯಾದ ಮೇಲೆ, ವಿಚಿತ್ರ ನೋಡಿ, ಎತ್ತೋದೇ ಕಡಿಮೆಯಾಯ್ತು. ಬೇಡ ಅನ್ನೋಕೆ ದಾರಿ ಇರೋ ನಾಯಿಗೆ ಕಚ್ಚೋ ಅವಸರ ಇರಲ್ಲ.

ಇದನ್ನ ಮುದ್ದು ಜಾಸ್ತಿ ಅನ್ನೋರಿಗೆ ಡಾಲ್ಫಿನ್ ಉದಾಹರಣೆ ಕೊಡ್ತೀನಿ. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಡಾಲ್ಫಿನ್ ಪಳಗಿಸ್ತಿದ್ದ ಕ್ಯಾರೆನ್ ಪ್ರಯರ್, ಆಮೇಲೆ 1984ರಲ್ಲಿ ಪುಸ್ತಕ ಬರೆದು ಅದೇ ರೀತಿಯನ್ನ ನಾಯಿ ಸಾಕೋರ ತನಕ ತಲುಪಿಸಿದ್ರು. ಡಾಲ್ಫಿನ್‌ಗೆ ಕತ್ತಿನ ಪಟ್ಟಿ ಹಾಕೋಕಾಗಲ್ಲ. ಹೊಡೀತೀನಿ ಅಂದ್ರೆ ಈಜಿಕೊಂಡು ಕೊಳದ ಆ ಕಡೆ ಹೋಗುತ್ತೆ. ಮೀನು ಕೊಟ್ಟು ಒಪ್ಪಿಸದೇ ಬೇರೆ ದಾರಿಯೇ ಇಲ್ಲ. ಇವತ್ತು ಒಳ್ಳೇ ಮೃಗಾಲಯಗಳಲ್ಲಿ ದೊಡ್ಡ ದೊಡ್ಡ ಪ್ರಾಣಿಗಳೂ ತಾವಾಗೇ ಮೈ ಒಡ್ಡಿ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತವೆ. ನಾಯಿಗೆ ನಾವು ಹಗ್ಗ ಹಾಕೋದು ಹಗ್ಗ ಬೇಕೇ ಬೇಕು ಅಂತಲ್ಲ, ನಾಯಿ ಚಿಕ್ಕದು, ಹಿಡಿದ್ರೆ ಕೈಗೆ ಸಿಗುತ್ತೆ ಅಂತ.

ಬಾಯಿ ಕಟ್ಟೋದರ ಬಗ್ಗೆ. ನಾನು ಬಾಯಿಗೆ ಏನೂ ಹಾಕಲೇಬಾರದು ಅನ್ನೋ ಪಕ್ಷದವನಲ್ಲ. ಕಚ್ಚಿದ ಚರಿತ್ರೆ ಇರೋ ನಾಯಿಗೆ ಅದು ಬೇಕು, ನಮ್ಮ ಕೈ ನಡುಗದೇ ಇರೋಕಾದ್ರೂ ಬೇಕು. ಆದ್ರೆ ಬಟ್ಟೇಲಿ ಬಿಗಿದು ಕಟ್ಟೋದು ಬೇಡ. ನಾಯಿ ಮೈ ತಂಪು ಮಾಡಿಕೊಳ್ಳೋದೇ ಬಾಯಿ ತೆರೆದು ಏದುಸಿರು ಬಿಟ್ಟು. ಬಾಯಿ ಬಿಗಿದು, ಹೆದರಿಸಿ, ಮೇಲೆ ಬಿಸಿಗಾಳಿ ಡ್ರೈಯರ್ ಹಿಡಿದ್ರೆ ಜೀವಕ್ಕೇ ಕುತ್ತು. ಬೇಕಾದ್ದು ಬುಟ್ಟಿ ಥರದ್ದು. ಒಕ್ಕಣೆ ಮಾಡೋ ಎತ್ತಿಗೆ, ಮಣ್ಣು ತಿನ್ನೋ ಕರುವಿಗೆ ಕುಕ್ಕೆ ಹಾಕ್ತಿದ್ರಲ್ಲ, ಹೆಚ್ಚುಕಮ್ಮಿ ಅದೇ. ಒಳಗೆ ಬಾಯಿ ತೆರೆಯಬಹುದು, ನೀರು ಕುಡಿಯಬಹುದು, ಸಂದಿಯಿಂದ ತಿಂಡಿ ತಿನ್ನಬಹುದು. ಅದನ್ನೂ ಒಂದೇ ದಿನ ತಂದು ತುರುಕಬಾರದು. ನಾನು ಕುಕ್ಕೆ ಒಳಗೆ ತಿಂಡಿ ಇಟ್ಟು ಅದು ತಾನಾಗೇ ಮೂತಿ ತೂರಿಸೋ ತನಕ ವಾರ ಕಾದೆ. ಈಗ ಕುಕ್ಕೆ ಕಂಡ್ರೆ ಊಟದ ತಟ್ಟೆ ಕಂಡ ಹಾಗೆ ಬರ್ತಾನೆ.

ಎಲ್ಲ ಸರಾಗವಾಗಿ ನಡೀತು ಅಂದ್ಕೋಬೇಡಿ. 2024ರ ದೀಪಾವಳಿ ಪಟಾಕಿಗೆ ಮೂರು ದಿನ ನಡುಗಿ, ಹತ್ತು ದಿನದ ಕೆಲಸ ಹಿಂದಕ್ಕೆ ಹೋಯ್ತು. ಮತ್ತೆ ಬ್ರಷ್ ನೆಲದ ಮೇಲೆ, ಎರಡು ಮೀಟರ್ ದೂರ. ಡಿಸೆಂಬರ್ ಹೊತ್ತಿಗೆ ಬೆನ್ನು, ಎದೆ, ಹೊಟ್ಟೆ ಸಲೀಸು. ಜನವರಿಯಲ್ಲಿ ಕಿವಿ ಹಿಂದೆ. ಒಂದು ದಿನಕ್ಕೆ ಮೂರ್ನಾಲ್ಕು ನಿಮಿಷಕ್ಕಿಂತ ಜಾಸ್ತಿ ನಾನು ಯಾವತ್ತೂ ಮಾಡಲಿಲ್ಲ.

ಕಷ್ಟದ ಭಾಗ ಆಮೇಲಿನದು. ಪಾಂಡು ನನ್ನ ಕೈಲಿ ಬಾಚಿಸಿಕೊಂಡ್ರೆ ಅತ್ತೆಗೇನು ಬಂತು? ಫೆಬ್ರವರಿಯಲ್ಲಿ ಅತ್ತೆ ಬಂದು ಎರಡು ವಾರ ನನ್ನ ಜೊತೆ ಇದ್ರು. ಬ್ರಷ್ ಹಿಡಿದ್ರೆ ಅವರ ಕೈಯೇ ನಡುಗ್ತಿತ್ತು. ಗಾಯ ಮಾಯ್ದಿತ್ತು, ಹೆದರಿಕೆ ಮಾಯ್ದಿರಲಿಲ್ಲ. ಆಗ ನನಗೆ ಹೊಳೀತು, ಇಬ್ಬರಿಗೂ ಇರೋದು ಒಂದೇ ಕಾಯಿಲೆ. ಹಾಗಾಗಿ ಅತ್ತೆಗೂ ಅದೇ ಪಾಠ: ಮೊದಲ ದಿನ ಬರೀ ತಿಂಡಿ ಹಾಕಿ, ಮುಟ್ಟಬೇಡಿ. ಎರಡನೇ ದಿನ ಕುಕ್ಕೆ ಹಾಕಿರೋವಾಗ ಭುಜ ಮುಟ್ಟಿ. ಚಿಕನ್ ಅವರ ಮನೆ ಹೊಸ್ತಿಲು ದಾಟಲ್ಲ, ಅದಕ್ಕೇ ಪನೀರಿಗೆ ಬದಲಾಯಿಸಿದ್ವಿ. ಪಾಂಡುವಿಗೇನೂ ತಕರಾರಿರಲಿಲ್ಲ. (ಪಾಯಸದ ದ್ರಾಕ್ಷಿ ಮಾತ್ರ ಕೊಡಬೇಡಿ ಅಂತ ಕೈ ಮುಗಿದು ಹೇಳಿದ್ದೀನಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಹುದು. ಚಾಕೊಲೇಟ್, ಈರುಳ್ಳಿಯೂ ಬೇಡ.) ಒಂಬತ್ತನೇ ದಿನ ಅತ್ತೆ ಮಣೆ ಹತ್ರ ಕೂತು, "ಬಾರೋ ಪಾಂಡುರಾಯ" ಅಂದ್ರು. ಬಂದು ಗದ್ದ ಇಟ್ಟ. ಅತ್ತೆ ಎರಡು ಸಲ ಬ್ರಷ್ ಎಳೆದು, ಬ್ರಷ್ ಕೆಳಗಿಟ್ಟು, ಸೆರಗಲ್ಲಿ ಕಣ್ಣೊರೆಸಿಕೊಂಡು, "ಅವರು ಇದ್ದಾಗ ಹೀಗೇ ಕೂರ್ತಿದ್ದ ಕಣೋ" ಅಂದ್ರು. ನಾನು ಕಾಫಿ ಮಾಡೋಕೆ ಅಂತ ಎದ್ದು ಹೋದೆ.

"ಇಷ್ಟೆಲ್ಲ ಟೈಮ್ ಯಾರಿಗಿದೆ ಗುರು?" ಅಂತ ನನ್ನ ಟೀಮಿನವನೊಬ್ಬ ಕೇಳಿದ. ದಿನಕ್ಕೆ ನಾಲ್ಕು ನಿಮಿಷ. ಅವನು ಸಿಗರೇಟಿಗೆ ಅಂತ ಕೆಳಗೆ ಹೋಗಿಬರೋ ಹೊತ್ತಿಗಿಂತ ಕಡಿಮೆ. ಟೈಮ್ ಇಲ್ಲದಿರೋದು ಅಂಗಡಿಯ ಹುಡುಗರಿಗೆ. ಅವರನ್ನ ಬೈಯೋಕೂ ನನಗೆ ಮನಸ್ಸಿಲ್ಲ. ಅವರ ದುಡ್ಡು ನಾಯಿ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಲ್ಲ. ಇವತ್ತು ಮುಂಗಾಲು, ನಾಳೆ ಹಿಂಗಾಲು ಅಂತ ಕೂತ್ರೆ ಅವರ ಹೊಟ್ಟೆ ತುಂಬಲ್ಲ. "ಇವತ್ತು ಅರ್ಧ ಸಾಕು, ಉಳಿದದ್ದು ಮುಂದಿನ ವಾರ, ಪೂರ್ತಿ ದುಡ್ಡು ತಗೊಳ್ಳಿ" ಅಂತ ನಾವು ಹೇಳಬೇಕು. ಹೇಳಿದ್ರೆ ಒಪ್ಪೋರು ಸಿಗ್ತಾರೆ. ಬಾಗಿಲು ಹಾಕಿಕೊಂಡು ನಮ್ಮನ್ನ ಹೊರಗೇ ಕೂರಿಸೋ ಅಂಗಡಿಗೆ ಮಾತ್ರ ನಾನು ನಾಯಿ ಬಿಡಲ್ಲ.

ಎಲ್ಲ ನಾಯಿಗೂ ಇಷ್ಟೇ ಸಾಕಾಗುತ್ತೆ ಅಂತಲೂ ನಾನು ಹೇಳಲ್ಲ. ಬಿಟ್ಟೂ ಬಿಡದೆ ಆಳವಾಗಿ ಕಚ್ಚೋ ನಾಯಿ, ಅಥವಾ ಚಿಕ್ಕ ಮಕ್ಕಳಿರೋ ಮನೆಯ ನಾಯಿ ಆದ್ರೆ ನನ್ನಂಥ ಅರೆಬರೆ ತಿಳಿದವನ ಬರಹ ಓದಿ ಶುರು ಮಾಡಬೇಡಿ, ಪಶುವೈದ್ಯರನ್ನ ಜೊತೆಗೆ ಇಟ್ಕೊಳ್ಳಿ. ಗ್ರೂಮಿಂಗ್‌ಗೆ ಮುಂಚೆ ಕೊಡೋಕೆ ಹೆದರಿಕೆ ತಗ್ಗಿಸೋ ಔಷಧಿಗಳಿವೆ, ಅವರು ಬರೆದುಕೊಡ್ತಾರೆ. ಕೆಲವು ಔಷಧಿ ಮೈಯನ್ನ ಮಾತ್ರ ಸುಮ್ಮನಾಗಿಸುತ್ತೆ, ಒಳಗಿನ ಹೆದರಿಕೆ ಹಾಗೇ ಇರುತ್ತೆ. ಹಾಗಾಗಿ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ಕೊಡೋದಂತೂ ಬೇಡವೇ ಬೇಡ.

ಪಾಂಡು ಹಾಸನಕ್ಕೆ ವಾಪಸ್ ಹೋಗಿ ವರ್ಷ ಕಳೀತು. ಬಾಚೋದು ಅತ್ತೆಯೇ, ಸಂಜೆ ಧಾರಾವಾಹಿ ಶುರುವಾಗೋ ಮುಂಚೆ, ಕುಕ್ಕೆ ಇಲ್ಲದೇ. ಭಾವ ಬಂದಾಗ ನೋಡಿ ಏನೂ ಹೇಳಲಿಲ್ಲ, ಪುಣೆಯಿಂದ ಒಂದು ಒಳ್ಳೇ ಬ್ರಷ್ ಕಳಿಸಿದ್ದಾನೆ. ಉಳಿದಿರೋದು ಉಗುರು. ಉಗುರಿನ ಒಳಗೆ ರಕ್ತನಾಳ, ನರ ಎರಡೂ ಇರುತ್ತೆ, ಕಪ್ಪು ಉಗುರಲ್ಲಿ ಅದು ಎಲ್ಲಿಗೆ ಮುಗಿಯುತ್ತೆ ಅಂತ ಹೊರಗಿಂದ ಕಾಣಲ್ಲ. ಒಂದು ಸಲ ತಗುಲಿದ್ರೆ ಮಾಡಿದ್ದೆಲ್ಲ ಮಣ್ಣುಪಾಲು. ಅದಕ್ಕೇ ಕತ್ತರಿ ಮುಟ್ಟದೇ, ಒಂದು ಹಲಗೆಗೆ ಮರಗೆಲಸದವರ ಪಾಲಿಶ್ ಪೇಪರ್ ಅಂಟಿಸಿ ಓರೆಯಾಗಿ ನಿಲ್ಲಿಸಿದ್ದೀವಿ. ಪಾಂಡು ಅದನ್ನ ತಾನೇ ಪರಪರ ಕೆರೆದು ಮುಂಗಾಲಿನ ಉಗುರು ಸವೆಸಿಕೊಳ್ತಾನೆ, ಪ್ರತಿ ನಾಲ್ಕು ಕೆರೆತಕ್ಕೆ ಒಂದು ಪನೀರ್ ಚೂರು ವಸೂಲಿ. ಹಿಂಗಾಲಿಗೆ ಏನು ಮಾಡೋದು ಅಂತ ಇನ್ನೂ ಹೊಳೆದಿಲ್ಲ, ಸದ್ಯಕ್ಕೆ ಡಾಕ್ಟರ ಹತ್ರ ಕುಕ್ಕೆ ಹಾಕಿಸಿಕೊಂಡು ಹೋಗಿಬರ್ತಾನೆ. ಹಿಂಗಾಲಲ್ಲಿ ಹಲಗೆ ಕೆರೆಯೋದನ್ನ ನಿಮ್ಮಲ್ಲಿ ಯಾರಾದ್ರೂ ಕಲಿಸಿದ್ರೆ ಹೇಗೆ ಅಂತ ದಯವಿಟ್ಟು ತಿಳಿಸಿ, ಅತ್ತೆ ವಾರಕ್ಕೊಂದು ಸಲ ಕೇಳ್ತಿದ್ದಾರೆ.